ಒಳಗೇನದ

ಗುರುಲಿಂಗಮ್ಮನ ಕೈಯ ರೊಟ್ಟಿಗೆ ಸೇಡಂನಲ್ಲಿ ಹೆಸರಿತ್ತು, ಹೆಸರಿಗೆ ತಕ್ಕ ಜಂಬವೂ ಇತ್ತು. ಅರವತ್ತೈದು ದಾಟಿದ ಹೆಂಗಸು. ಬೆಳಗ್ಗೆ ಸ್ನಾನ ಮಾಡಿ, ಶಿವರಾತ್ರಿಗೆ ಮಗ ತಂದುಕೊಟ್ಟ ಹೊಸ ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ, ಘಮಘಮ ಎನ್ನುತ್ತ ಅಡುಗೆಮನೆಗೆ ಬಂದು ಹಂಚಿನ ಮುಂದೆ ಕೂತು ಹಿಟ್ಟು ಬಡಿಯತೊಡಗಿದಳೆಂದರೆ ಆ ಪಟಪಟ ಸದ್ದು ಎದುರುಮನೆಯ ಜಾನಬಿಯ ಅಂಗಳದ ತನಕ ಹೋಗುತ್ತಿತ್ತು. ಜಾನಬಿ ಆ ಸದ್ದು ಕೇಳಿಯೇ ತನ್ನ ಮನೆಯ ಚಹಾಕ್ಕೆ ನೀರಿಡುತ್ತಿದ್ದಳು.

ಫಾಲ್ಗುಣದ ಒಂದು ಬೆಳಗ್ಗೆ ಆ ಸದ್ದು ಕೇಳಲಿಲ್ಲ. ಗುರುಲಿಂಗಮ್ಮ ಪರಾತಕ್ಕೆ ಹಿಟ್ಟು ಸುರಿದು ಬಿಸಿನೀರು ಹಾಕುವಷ್ಟರಲ್ಲಿ ಸೊಸೆ ಉಮಾದೇವಿ ಬಂದು ಪರಾತವನ್ನು ತನ್ನ ಕಡೆಗೆ ಎಳೆದುಕೊಂಡಳು.

"ಏಳ್ರಿ ಅತ್ತಿ. ಇವತ್ತಿಂದ ಹಿಟ್ಟಿಗಿ ಕೈ ಹಚ್ಚಬ್ಯಾಡ್ರಿ."

"ಯಾಕ?"

"ಯಾಕಂತ ನಿಮ್ಮ ಅಂಗೈ ಒಮ್ಮೆ ನೋಡ್ಕೊಳ್ರಿ."

ನೋಡಿಕೊಳ್ಳುವುದೇನಿತ್ತು, ಹತ್ತು ದಿನದಿಂದ ಆಕೆ ಅದನ್ನೇ ನೋಡುತ್ತಿದ್ದಳು. ಎಡ ಅಂಗೈಯ ನಡುವೆ ದೊಡ್ಡ ರೂಪಾಯಿಯಗಲ ಕೆಂಪಗಾಗಿ ಸಿಪ್ಪೆ ಏಳುತ್ತಿತ್ತು. ಬಲಗೈಯ ನಡುವಿನ ಮೂರು ಬೆರಳುಗಳ ತುದಿ ಬಿರಿದು ಕೀವಿಲ್ಲದ ನೀರು ಒಸರುತ್ತಿತ್ತು. ಕೆರೆದರೆ ಹಿತ, ಬಿಟ್ಟರೆ ಉರಿ. ಮೊದಲು ಆಕೆ ತಪ್ಪನ್ನು ಊರಿನ ಸಿಮೆಂಟ್ ಕಾರ್ಖಾನೆಯ ಧೂಳಿನ ಮೇಲೆ ಹಾಕಿದಳು, ಆಮೇಲೆ ಬದನೆಕಾಯಿ ಮೇಲೆ, ಕೊನೆಗೆ ನಳದ ನೀರಿನ ಮೇಲೆ. ಕೊಬ್ಬರಿ ಎಣ್ಣೆ ಸವರಿ ಸೆರಗಿನಲ್ಲಿ ಕೈ ಮುಚ್ಚಿಕೊಂಡು ಓಡಾಡಿದ್ದೇ ಬಂತು.

ಉಮಾದೇವಿ ಕೆಟ್ಟವಳಲ್ಲ. ಅಂಟುಜಾಡ್ಯ ಎಂದು ಹೆದರಿದ್ದಳು, ಅಷ್ಟೆ. ಆದರೆ ಇಪ್ಪತ್ತೆರಡು ವರ್ಷ ಆ ಅಡುಗೆಮನೆಯಲ್ಲಿ ಎರಡನೆಯವಳಾಗಿ ನಿಂತವಳಿಗೆ ಪರಾತ ಎಳೆದುಕೊಂಡಾಗ ಕೈ ಸ್ವಲ್ಪ ಜೋರಾಗಿಯೇ ಎಳೆಯಿತು ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಗುರುಲಿಂಗಮ್ಮನಿಗೆ ಅದು ಕಂಡಿತು. ಎದ್ದಳು. ಎದ್ದವಳು ಹೊರಗೆ ಹೋಗಲಿಲ್ಲ, ಅಡುಗೆಮನೆಯ ಬಾಗಿಲಲ್ಲೇ ಚಾಪೆ ಹಾಕಿಕೊಂಡು ಕೂತಳು. ಸೊಸೆ ಮಾಡಿದ ಪ್ರತಿ ರೊಟ್ಟಿಯನ್ನೂ ಕಣ್ಣಿನಲ್ಲಿ ಅಳೆದಳು. ದಪ್ಪ.

ಮಧ್ಯಾಹ್ನ ಊಟಕ್ಕೆ ಕೂತ ಗಂಡ ರೇವಣಪ್ಪ, ರೈಲ್ವೆಯಲ್ಲಿದ್ದು ನಿವೃತ್ತರಾದ ಮನುಷ್ಯ, ಹುಳಿ ಪುಂಡಿಸೊಪ್ಪಿನ ಪಲ್ಯದ ಜೊತೆ ಒಂದು ರೊಟ್ಟಿ ಮುರಿದು ಬಾಯಿಗಿಟ್ಟು ಬಹಳ ಹೊತ್ತು ಅಗಿದರು. ಹೆಂಡತಿಯ ಮುಖ ನೋಡಿದರು, ಸೊಸೆಯ ಮುಖ ನೋಡಿದರು. ರೊಟ್ಟಿ ಛಲೋ ಆಗ್ಯಾವ ಎಂದು ಯಾರಿಗೂ ಹೇಳದೆ ಗೋಡೆಗೆ ಹೇಳಿ ಮಜ್ಜಿಗೆ ಕುಡಿದು ಎದ್ದುಬಿಟ್ಟರು.

ರೊಟ್ಟಿಯಾದರೂ ಹೋಗಲಿ. ಗುರುಲಿಂಗಮ್ಮನ ಎದೆಯಲ್ಲಿ ಕುಟ್ಟುತ್ತಿದ್ದದ್ದು ಬೇರೆ ಸಂಗತಿ: ಮಸಾಲಿ ಖಾರ. ವರ್ಷಕ್ಕೊಮ್ಮೆ, ಬಸವ ಜಯಂತಿಯ ಒಳಗೆ, ಆ ಮನೆಯಲ್ಲಿ ವರ್ಷಕ್ಕಾಗುವಷ್ಟು ಮಸಾಲೆ ಬೆರೆತ ಖಾರದ ಪುಡಿ ಆಗಬೇಕು. ಸುಲೇಪೇಟದಿಂದ ಮೆಣಸಿನಕಾಯಿ ಬಂದು ಮಾಳಿಗೆಯ ಮೇಲೆ ಒಣಗುತ್ತಿತ್ತು. ಹೋದ ವರ್ಷದ ಡಬ್ಬಿಯಲ್ಲಿ ಚಮಚ ತಳಕ್ಕೆ ತಾಗುತ್ತಿತ್ತು. ಚಿತ್ತಾಪುರದಿಂದ ಚಿಂಚೋಳಿಯವರೆಗೆ ಹರಡಿದ ಬೀಗರು ನೆಂಟರೆಲ್ಲ ಆ ಖಾರಕ್ಕೆ ಡಬ್ಬಿ ಹಿಡಿದು ಬರುತ್ತಿದ್ದರು. ಅದರಲ್ಲಿ ಏನೇನು ಬೀಳುತ್ತದೆಂಬುದು ಗುರುಲಿಂಗಮ್ಮನಿಗೆ ಬಿಟ್ಟರೆ ಇನ್ನೊಂದು ಜೀವಕ್ಕೆ ಗೊತ್ತಿರಲಿಲ್ಲ. ಹುರಿಯುವ ದಿನ ಆಕೆ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಉಮಾದೇವಿ ಹೊಸದಾಗಿ ಬಂದಾಗ ಒಂದೆರಡು ಸಲ ಕೇಳಿದ್ದಳು. ಪ್ರತಿಸಲವೂ ಅತ್ತೆಯ ಉತ್ತರ ಒಂದೇ: "ರುಚಿ ಹತ್ತಿತಿಲ್ಲ? ಒಳಗೇನದ ಅಂತ ನಿನಗ್ಯಾಕ ಬೇಕು?" ಆಮೇಲೆ ಅವಳು ಕೇಳುವುದನ್ನು ಬಿಟ್ಟಿದ್ದಳು.

ಈಗ ಈ ಬಿರಿದ ಬೆರಳುಗಳಿಂದ ಮೆಣಸಿನಕಾಯಿ ಮುಟ್ಟುವುದು ಹೇಗೆ? ಕೈ ವಾಸಿಯಾಗದಿದ್ದರೆ ಈ ವರ್ಷ ಒಂದೋ ಖಾರವಿಲ್ಲ, ಇಲ್ಲವೋ ಗುಟ್ಟು ಸೊಸೆಯ ಪಾಲು. ಗುಟ್ಟೂ ಹೋದರೆ ಈ ಮನೆಯಲ್ಲಿ ತಾನು ಯಾರು, ಊಟಕ್ಕೆ ಕೂಡುವ ಇನ್ನೊಬ್ಬ ಮುದುಕಿ. ಗುರುಲಿಂಗಮ್ಮನಿಗೆ ಅದು ಸಾಯುವುದಕ್ಕಿಂತ ಕಡೆಯೆನಿಸಿತು.

ಮಗ ಮಹೇಶಕುಮಾರನಿಗೆ ಸ್ಟೇಷನ್ ರಸ್ತೆಯಲ್ಲಿ ಅಂಗಡಿ. ಸಾಬೂನು, ಪೌಡರು, ತಲೆಗೆಣ್ಣೆ, ಊದಿನಕಡ್ಡಿ, ಪೂಜೆ ಸಾಮಾನು. ತಾಯಿಯ ಕೈ ನೋಡಿ ಅವನಿಗೆ ಸಂಕಟವಾಯಿತು. ಸಂಜೆ ಬರುವಾಗ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದುಬಾರಿ ಸಾಬೂನು ತಂದ. ಗಂಧದ್ದು, ಪೂರ್ತಿ ಗಿಡಮೂಲಿಕೆಯದ್ದು, ಕೆಮಿಕಲ್ ಹನಿಯೂ ಇಲ್ಲ ಎಂದು ಹೊದಿಕೆಯ ಮೇಲೆ ಎಲೆಯ ಚಿತ್ರ ಬೇರೆ. ನಾಲ್ಕು ದಿನ ಅದರಿಂದ ಕೈ ತೊಳೆದದ್ದಕ್ಕೆ ಐದನೆಯ ದಿನ ಕೆಂಪು ಮಣಿಕಟ್ಟಿನ ತನಕ ಏರಿತು.

ಆಗ ಮೊಮ್ಮಗಳು ಶಿವಗಂಗಾ ಮಧ್ಯೆ ಬಂದಳು. ಡಿ.ಫಾರ್ಮ್ ಮುಗಿಸಿ ಚಿತ್ತಾಪುರದ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದಳು. ರಜೆ ಹಾಕಿ ಅಜ್ಜಿಯನ್ನು, ಅವಳ ಬಾಯಲ್ಲಿ ಆಯಿಯನ್ನು, ಕಲಬುರಗಿಗೆ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರು ಹೆಂಗಸು, ಈ ಸೀಮೆಯವರೇ. ಕೈ ತಿರುವಿ ತಿರುವಿ ನೋಡಿ ಮೊದಲು ಹೇಳಿದ ಮಾತು, ಇದು ಅಂಟುವ ರೋಗವಲ್ಲ ಎಂದು. ಗುರುಲಿಂಗಮ್ಮ ಅದನ್ನು ಎರಡು ಸಲ ಹೇಳಿಸಿದಳು. ಮೂರನೆಯ ಸಲ ಚೀಟಿಯ ಮೇಲೆ ಬರೆಸಿಕೊಂಡಳು. ಏನೋ ಒಂದು ಸಾಮಾನು ಚರ್ಮಕ್ಕೆ ಒಗ್ಗುತ್ತಿಲ್ಲ, ಹೆಚ್ಚಾಗಿ ಅದು ವಾಸನೆಗೆ ಹಾಕುವಂಥದ್ದು, ಒಮ್ಮೆ ಚರ್ಮ ಒಂದು ವಸ್ತುವಿನ ಮೇಲೆ ಹಗೆ ಸಾಧಿಸಿತೆಂದರೆ ಜನ್ಮಪೂರ್ತಿ ನೆನಪಿಟ್ಟುಕೊಳ್ಳುತ್ತದೆ ಎಂದರು ಡಾಕ್ಟರು.

"ಯಾವ ಸಾಮಾನು ಅಂತ ಹೇಳಿಬಿಡ್ರಿ, ಅದನ್ನ ಬಿಡ್ತೀನಿ."

"ಅದೇ ತೊಂದರಿ ಅಮ್ಮ. ಸಾಬಾಣದ ಹಾಳಿ ಮ್ಯಾಲ ಎಣ್ಣಿ, ಉಪ್ಪು, ಎಲ್ಲಾ ಬರ್ದಿರ್ತದ. ವಾಸನಿಗೆ ಬಂದ್ರ ಪರ್ಫ್ಯೂಮ್ ಅಂತ ಒಂದೇ ಶಬ್ದ. ಆ ಒಂದು ಶಬ್ದದೊಳಗ ಇಪ್ಪತ್ತು ಇರಬಹುದು, ನೂರು ಇರಬಹುದು."

ಗುರುಲಿಂಗಮ್ಮ ಬೆರಳು ಮಡಚಿ ಎಣಿಸಿದಳು.

"ಅಂದ್ರ ಮಸಾಲಿ ಖಾರ ಇದ್ದಂಗ. ಹೆಸರು ಒಂದು, ಒಳಗ ಇಪ್ಪತ್ತೆರಡು."

"ಬರೋಬ್ಬರಿ ಹಂಗೇ" ಎಂದು ಡಾಕ್ಟರು ನಕ್ಕರು. "ಆ ಇಪ್ಪತ್ತೆರಡರಾಗ ನಿಮಗ ಆಗಲಾರದ್ದು ಒಂದೇ ಇರಬಹುದು."

ಮುಲಾಮು ಕೊಟ್ಟರು. ಒಂದು ತಿಂಗಳು ವಾಸನೆಯದ್ದು ಯಾವುದೂ ಕೈಗೆ ಸೋಕಬಾರದು ಎಂದರು. ಒಂದು ವಸ್ತುವಿನ ಮೇಲೆ ಸಂಶಯ ಬಂದರೆ ಅದನ್ನು ಮೊಣಕೈಯ ಒಳಮಡಿಕೆಗೆ ದಿನಕ್ಕೆ ಎರಡು ಸಲ ಚೂರು ಹಚ್ಚಿ ವಾರದ ತನಕ ನೋಡುವುದು, ಅಷ್ಟಕ್ಕೂ ತಿಳಿಯದಿದ್ದರೆ ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡುವುದಿದೆ, ಆಗ ಬನ್ನಿ ಎಂದು ಕಳಿಸಿದರು.

ಮನೆಗೆ ಬಂದ ದಿನವೇ ಆಯಿ ಮೊಮ್ಮಗಳು ಕೂಡಿ ಬಚ್ಚಲು, ಅಡುಗೆಮನೆ, ಕಪಾಟು ಎಲ್ಲ ಖಾಲಿ ಮಾಡಿ ನಡುಮನೆಯ ಹಾಸುಗಲ್ಲಿನ ಮೇಲೆ ಗುಡ್ಡೆ ಹಾಕಿದರು. ಗುರುಲಿಂಗಮ್ಮ ಒಂದೊಂದನ್ನೇ ಎತ್ತಿ ಕೊಡುವುದು, ಶಿವಗಂಗಾ ಸಣ್ಣ ಅಕ್ಷರ ಓದುವುದು. ಮೈ ಸಾಬೂನಿನಲ್ಲಿ ಪರ್ಫ್ಯೂಮ್ ಎಂಬ ಆ ಶಬ್ದ ಇತ್ತು. ಪೌಡರಿನಲ್ಲಿ ಇತ್ತು. ಬಟ್ಟೆ ಪುಡಿಯಲ್ಲಿ, ಪಾತ್ರೆ ತಿಕ್ಕುವ ಬಿಲ್ಲೆಯಲ್ಲಿ, ತಲೆಗೆಣ್ಣೆಯಲ್ಲಿ, ಉಮಾದೇವಿಯ ಮುಖದ ಕ್ರೀಮಿನಲ್ಲಿ ಇತ್ತು. ಆ ಕ್ರೀಮಿನ ಮೇಲೆ ಮಾತ್ರ ಲಿನಲೂಲ್, ಲಿಮೊನೀನ್, ಜೆರಾನಿಯಾಲ್ ಎಂದು ನಾಲ್ಕಾರು ಹೆಸರು ಬಿಡಿಸಿ ಬರೆದಿದ್ದರು. ಅವು ಹೂವಿನಲ್ಲಿ, ನಿಂಬೆಯ ಸಿಪ್ಪೆಯಲ್ಲಿ ತಾವಾಗಿಯೇ ಇರುತ್ತವೆ, ಗಿಡಮೂಲಿಕೆ ಎಂದ ಮಾತ್ರಕ್ಕೆ ಚರ್ಮ ಮರ್ಯಾದೆ ಕೊಡುವುದಿಲ್ಲ ಎಂದು ಶಿವಗಂಗಾ ಬಿಡಿಸಿ ಹೇಳಿದಳು. ವಾಸನೆಯೇ ಇಲ್ಲ ಎಂದು ಬರೆದ ಒಂದು ಸಾಬೂನಿನಲ್ಲೂ ಆ ಶಬ್ದ ಸಿಕ್ಕಿತು. ಎಣ್ಣೆಯ ಕಮಟು ಮುಚ್ಚಲು ಸ್ವಲ್ಪ ಹಾಕಿರುತ್ತಾರಂತೆ.

"ವಾಸನಿ ಇಲ್ಲ ಅಂತ ತೋರ್ಸಲಿಕ್ಕ ವಾಸನಿ ಹಾಕ್ತಾರ" ಎಂದು ಗುರುಲಿಂಗಮ್ಮ ಆ ಸಾಬೂನನ್ನು ಬಾಗಿಲಿನ ಕಡೆ ಉರುಳಿಸಿದಳು. ಅದು ಆಗ ತಾನೆ ಒಳಗೆ ಬಂದ ಮಹೇಶಕುಮಾರನ ಕಾಲಿಗೆ ಹೋಗಿ ತಾಗಿತು.

ಅವನು ಗುಡ್ಡೆ ನೋಡಿದ, ಎಲ್ಲ ತನ್ನ ಅಂಗಡಿಯದೇ ಸರಕು. ಊರೆಲ್ಲ ಹಚ್ಚಿಕೊಂಡು ಚೆನ್ನಾಗಿಯೇ ಇದೆ, ನಿನಗೊಬ್ಬಳಿಗೆ ಏನು ಬಂತು ಎಂದು ಕೇಳಿದ. ಊರಿಗೆ ಆಗುವುದೆಲ್ಲ ತನಗೂ ಆಗಬೇಕೆಂದು ಯಾರು ಬರೆದುಕೊಟ್ಟಿದ್ದಾರೆ, ನಿನಗೆ ಚಿಕ್ಕಂದಿನಲ್ಲಿ ಶೇಂಗಾ ತಿಂದರೆ ಮೈಯೆಲ್ಲ ದದ್ದು ಏಳುತ್ತಿತ್ತು, ಊರು ಶೇಂಗಾ ಬಿಟ್ಟಿತ್ತೇ ಎಂದಳು ತಾಯಿ.

ಅಲ್ಲಿಗೇ ಬಿಟ್ಟಿದ್ದರೆ ಆಕೆ ಗುರುಲಿಂಗಮ್ಮ ಹೇಗಾದಾಳು. ಮರುದಿನದಿಂದ ಸಂಜೆ ಅಂಗಡಿಗೆ ಹೋಗಿ ಮಗನ ಪಕ್ಕದ ಸ್ಟೂಲಿನ ಮೇಲೆ ಕೂಡತೊಡಗಿದಳು. ಯಾರಾದರೂ ಸಾಬೂನು ಕೇಳಿದರೆ, ಮೈಯಲ್ಲಿ ಕೆರೆತ ಏನಾದರೂ ಇದೆಯೇ ಎಂದು ವಿಚಾರಿಸುವಳು. ಇದೆ ಎಂದರೆ ಸೆರಗು ಸರಿಸಿ ಅಂಗೈ ತೋರಿಸುವಳು. ನಾಲ್ಕನೆಯ ದಿನ ಮಹೇಶಕುಮಾರ ರಾತ್ರಿ ಊಟದ ತಾಟಿನ ಮುಂದೆ ಕೂತು ಅನ್ನಕ್ಕೆ ಕೈ ಹಾಕದೆ ಕೇಳಿಯೇಬಿಟ್ಟ.

"ಅವ್ವ, ನನ್ನ ದುಕಾನ ನಡಸಬೇಕಂತೀಯೋ ಬ್ಯಾಡಂತೀಯೋ?"

"ನಡಸು. ನಾ ಏನ್ ಬಾಗಲಾ ಹಾಕಂದಿನಾ? ಕೇಳಿದವರಿಗಿ ಒಳಗೇನದ ಹೇಳಂತೀನಿ."

"ನನಗೇ ಗೊತ್ತಿಲ್ಲ, ಏನ್ ಹೇಳ್ಲಿ?"

"ಗೊತ್ತಿಲ್ಲಂತ ಹೇಳು. ಅದೂ ಹೇಳಂಗಿಲ್ಲಲ್ಲ ನೀ."

ಆ ದಿನದಿಂದ ಅಮ್ಮ ಮಗನಿಗೆ ಮಾತು ನಿಂತಿತು. ಏನಾದರೂ ಹೇಳಬೇಕಾದರೆ ಇಬ್ಬರೂ ರೇವಣಪ್ಪನಿಗೆ ಹೇಳುತ್ತಿದ್ದರು, ಅವರು ಕೇಳದವರಂತೆ ಪೇಪರು ತಿರುವುತ್ತಿದ್ದರು.

ಎರಡು ವಾರ ಹೋಯಿತು. ಗುರುಲಿಂಗಮ್ಮ ಕಡಲೆಹಿಟ್ಟು ಹಚ್ಚಿಕೊಂಡು ಸ್ನಾನ ಮಾಡಿದಳು, ಬೂದಿಯಿಂದ ತಾಟು ತಿಕ್ಕಿಸಿದಳು, ತನ್ನ ಸೀರೆಗಳನ್ನು ಬೇರೆ ಬಕೆಟ್ಟಿನಲ್ಲಿ ವಾಸನೆಯಿಲ್ಲದ ಪುಡಿಯಿಂದ ಒಗೆಸಿದಳು. ಮಣಿಕಟ್ಟಿನ ಕೆಂಪು ಇಳಿಯಿತು. ಆದರೆ ಅಂಗೈಯ ನಡುವಿನ ರೂಪಾಯಿಯೂ ಮೂರು ಬೆರಳಿನ ತುದಿಯೂ ಜಪ್ಪಯ್ಯ ಎನ್ನಲಿಲ್ಲ. ಮುಲಾಮು ಹಚ್ಚಿದ ದಿನ ಆರುವುದು, ಮರುದಿನ ಮತ್ತೆ ಬಿರಿಯುವುದು.

ಉಮಾದೇವಿಗೆ ಈಗ ಬಾಯಿ ಬಂತು. ಬಟ್ಟೆ ಒಗೆಯುವುದು ಎರಡೆರಡು ಸಲ, ಬೂದಿ ಸೋಸುವುದು ಬೇರೆ, ಎಲ್ಲ ಅವಳ ಮೈಮೇಲೆ ಬಿದ್ದಿತ್ತು.

"ನಾಕು ದಿನ ಸುಲೇಪೇಟಕ್ಕ ನಿಮ್ಮ ತಮ್ಮನ ಮನಿಗಿ ಹೋಗಿ ಬರ್ರಿ ಅತ್ತಿ. ಹವಾ ಬದಲಾದ್ರ ಕೈ ಆರ್ತದ."

"ನಾ ಎಲ್ಲಿಗೂ ಹೋಗಂಗಿಲ್ಲ."

"ಮೆಣಸಿನಕಾಯಿ ಒಣಗಿ ಒಡಿಲಿಕತ್ತಾವ. ಬಸವ ಜಯಂತಿ ಬಂತು. ಏನೇನ್ ಹಾಕಬೇಕು ಹೇಳ್ರಿ, ನಾ ಹುರೀತೀನಿ."

"ನನ್ನ ಕೈ ಉದುರಿ ಬಿದ್ದಿಲ್ಲ ಇನ್ನೂ. ನಾ ಮಾಡ್ತೀನಿ, ಇಲ್ಲಾ ಈ ಮನ್ಯಾಗ ಈ ವರ್ಷ ಖಾರ ಆಗಂಗಿಲ್ಲ."

"ಆಗದಿದ್ರ ಆಗದಿರಲಿ. ಪಾಕೀಟ್ ತರ್ತೀನಿ ನಾ."

ಪಾಕೀಟು ಎಂಬ ಮಾತಿಗೆ ಗುರುಲಿಂಗಮ್ಮನ ಕಣ್ಣಲ್ಲಿ ನೀರು ಬಂತು. ಸೊಸೆಗೆ ಕಾಣಬಾರದೆಂದು ಮಾಳಿಗೆ ಹತ್ತಿ ಮೆಣಸಿನಕಾಯಿಯ ಮುಂದೆ ಹೋಗಿ ಕೂತಳು.

ಯುಗಾದಿಯ ದಿನ ಎಲ್ಲರಿಗೂ ಎಣ್ಣೆಸ್ನಾನ. ಶಿವಗಂಗಾ ಆಯಿಯ ಬೆನ್ನು ತಿಕ್ಕಿ ನೀರು ಹಾಕಿ, ಒಣಬಟ್ಟೆ ಕೊಟ್ಟು, ಮುಖ ನೋಡಿದವಳು ಹಾಗೇ ನಿಂತುಬಿಟ್ಟಳು. ಹುಟ್ಟಿದಾಗಿನಿಂದ ಅವಳು ಆಯಿಯ ಬರಿ ಹಣೆ ನೋಡಿದ್ದೇ ಕಡಿಮೆ. ನಸುಕಿನಲ್ಲಿ ಸ್ನಾನ, ಕೂಡಲೇ ವಿಭೂತಿ, ಮತ್ತೆ ಮರುದಿನ ನಸುಕಿನ ತನಕ ಅದು ಅಳಿಯುವುದಿಲ್ಲ. ಡಾಕ್ಟರೂ ವಿಭೂತಿಯ ಹಣೆಯನ್ನೇ ನೋಡಿದ್ದು. ಈಗ ಆ ಬರಿ ಹಣೆಯ ಮೇಲೆ ಅಡ್ಡಕ್ಕೆ ಮೂರು ಗೆರೆ ಇದ್ದವು. ಬಿಳಿಯವಲ್ಲ, ಕೆಂಪು.

"ಆಯಿ, ವಿಭೂತಿ ಹೆಂಗ ಹಚ್ಕೊಳ್ತಿ, ಒಮ್ಮೆ ತೋರ್ಸು."

"ಎಲ್ಲಾರೂ ಹಚ್ಕೊಂಡಂಗ."

"ತೋರ್ಸು ಅಂದೆ."

ಗುರುಲಿಂಗಮ್ಮ ಎಡ ಅಂಗೈಯನ್ನು ಬಟ್ಟಲು ಮಾಡಿದಳು. ಅದರ ನಡುವೆ ವಿಭೂತಿ ಇಟ್ಟುಕೊಳ್ಳುವಂತೆ, ಎರಡು ಹನಿ ನೀರು ಬಿಟ್ಟುಕೊಳ್ಳುವಂತೆ ತೋರಿಸಿದಳು. ಬಲಗೈಯ ಮೂರು ಬೆರಳಿನಿಂದ ಅದನ್ನು ತಿಕ್ಕಿ, ಹಣೆಗೆ ಎತ್ತಿದಳು. ಎತ್ತಿದ ಕೈ ಅರ್ಧದಲ್ಲೇ ನಿಂತಿತು. ಅಂಗೈಯ ನಡು, ಮೂರು ಬೆರಳು, ಹಣೆ. ಮನೆಯಲ್ಲಿದ್ದುದನ್ನೆಲ್ಲ ಗುಡ್ಡೆ ಹಾಕಿದ ದಿನ ದೇವರ ಗೂಡಿಗೆ ಯಾರೂ ಕೈ ಹಾಕಿರಲಿಲ್ಲ. ಅದೂ ಅಂಗಡಿಯಿಂದ ಬಂದ ಸಾಮಾನು ಎಂದು ಯಾರ ತಲೆಗೂ ಬಂದಿರಲಿಲ್ಲ.

ಆಕೆಗೆ ಮೊದಲು ಬಂದದ್ದು ಸಿಟ್ಟು. "ವಿಭೂತಿಗಿ ದೋಷ ಹಚ್ಚಬ್ಯಾಡ ಗಂಗಾ. ಐವತ್ತು ವರ್ಷ ಧರಿಸೀನಿ."

"ವಿಭೂತಿಗಲ್ಲ ಆಯಿ, ಅದರಾಗ ಕೂಡ್ಸಿದ ವಾಸನಿಗಿ."

ಶಿವಗಂಗಾ ಗೂಡಿನಿಂದ ಪ್ಲಾಸ್ಟಿಕ್ ಡಬ್ಬಿ ತಂದು ತಳ ತಿರುವಿ ಓದಿದಳು. ಶುದ್ಧ ವಿಭೂತಿ, ಸುಗಂಧದ್ರವ್ಯ. ಅಷ್ಟೇ. ಮಠದ ವಾಸನೆ ಬರುತ್ತದೆ ಅವ್ವ ಎಂದು ಶಿವರಾತ್ರಿಗೆ ಮಹೇಶಕುಮಾರ ಆ ಡಬ್ಬಿ ಕೊಟ್ಟಾಗ ಗುರುಲಿಂಗಮ್ಮ ಮಗನ ತಲೆ ನೇವರಿಸಿದ್ದಳು.

ಯಾರ ಮಾತಿಗೂ ಒಪ್ಪುವ ಹೆಂಗಸಲ್ಲ ಆಕೆ, ಡಬ್ಬಿಯ ಮಾತಿಗೂ ಒಪ್ಪಲಿಲ್ಲ. ನ್ಯಾಯ ತನ್ನ ತೋಳೇ ಹೇಳಲಿ ಎಂದಳು. ರೇವಣಪ್ಪ ಅವತ್ತೇ ಯುಗಾದಿಯ ಹೋಳಿಗೆ ತಿಂದು ರೈಲು ಹತ್ತಿ ವಾಡಿಗೆ ಹೋಗಿ, ಅಲ್ಲಿಂದ ಆಟೋದಲ್ಲಿ ರಾವೂರಿಗೆ ಹೋದರು. ಜಂಗಮರ ಮನೆಯ ಬಸ್ಸಮ್ಮ ಆಕಳ ಸಗಣಿ ಸುಟ್ಟು, ಬೂದಿಯನ್ನು ಬಟ್ಟೆಯಲ್ಲಿ ಸೋಸಿ, ನೀರಲ್ಲಿ ತಿಳಿಗೊಳಿಸಿ, ಕೈಯಲ್ಲೇ ಗಟ್ಟಿ ಕಟ್ಟಿ ಒಣಗಿಸಿದ ವಿಭೂತಿ ತಂದರು. ಮೂಗಿಗೆ ಹಿಡಿದರೆ ಬೂದಿ ಮಾತ್ರ, ಬೇರೆ ಏನೂ ಇಲ್ಲ. ಹಣೆಗೂ ಪೂಜೆಗೂ ಅದನ್ನೇ ಇಟ್ಟುಕೊಂಡಳು ಗುರುಲಿಂಗಮ್ಮ. ಡಾಕ್ಟರು ಹೇಳಿದ್ದಂತೆ ಬಲ ಮೊಣಕೈಯ ಮಡಿಕೆಗೆ ಬಸ್ಸಮ್ಮನದು, ಎಡ ಮೊಣಕೈಯ ಮಡಿಕೆಗೆ ಡಬ್ಬಿಯದು, ದಿನಕ್ಕೆ ಎರಡು ಸಲ.

ಐದನೆಯ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಆಕೆ ಎರಡೂ ತೋಳು ಚಾಚಿ ಮಗನ ತಾಟಿನ ಎದುರಿಗೆ ಹಿಡಿದಳು. ಬಲತೋಳು ತಿಳಿಯಾಗಿತ್ತು. ಎಡತೋಳಿನ ಮಡಿಕೆಯಲ್ಲಿ ಕೆಂಪು ಗುಳ್ಳೆಗಳು ಸಾಲುಗಟ್ಟಿದ್ದವು. ಉಮಾದೇವಿ ಬಡಿಸುವುದನ್ನು ನಿಲ್ಲಿಸಿ ಬಗ್ಗಿ ನೋಡಿದಳು. ತನಗೇ ಗೊತ್ತಿಲ್ಲದೆ ಅತ್ತೆಯ ತೋಳನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು. ಅಂಟುತ್ತದೆಂಬ ಹೆದರಿಕೆ ಅವಳಿಗೆ ಆಗ ನೆನಪಾಗಲಿಲ್ಲ.

ಮಹೇಶಕುಮಾರನ ಮುಖ ಸಣ್ಣದಾಯಿತು. "ನಾನೇ ತಂದುಕೊಟ್ಟೆ" ಎಂದ.

"ನೀ ಪ್ರೀತಿಲೆ ತಂದಿ, ನಾ ಪ್ರೀತಿಲೆ ಹಚ್ಕೊಂಡೆ" ಎಂದಳು ತಾಯಿ. "ಡಬ್ಬಿ ಮ್ಯಾಲ ಬರದವ ಯಾರೋ, ಅವನೌನ ಪೂರಾ ಬರಿಬೇಕಿತ್ತು. ಉಣ್ಣು."

ಮೂರು ವಾರಕ್ಕೆ ಬೆರಳಿನ ಬಿರುಕು ಮುಚ್ಚಿತು. ಅಂಗೈಯ ರೂಪಾಯಿ ಮಾಸಿ ಹಳೆಯ ನಾಣ್ಯದಂತಾಯಿತು. ಒಂದು ಬೆಳಗ್ಗೆ ಪಟಪಟ ಸದ್ದು ಜಾನಬಿಯ ಅಂಗಳಕ್ಕೆ ಮತ್ತೆ ಹೋಯಿತು. ಆಕೆ ಚಹಾದ ನೀರು ಒಲೆಯ ಮೇಲೇ ಬಿಟ್ಟು ಬಂದು ಬಾಗಿಲಲ್ಲಿ ನಿಂತು ನೋಡಿ ಹೋದಳು. ಉಮಾದೇವಿ ಪರಾತ ಬಿಟ್ಟುಕೊಟ್ಟಳು. ರೇವಣಪ್ಪ ಅವತ್ತು ನಾಲ್ಕು ರೊಟ್ಟಿ ತಿಂದರು.

ಬಸವ ಜಯಂತಿಗೆ ಐದು ದಿನ ಇರುವಾಗ ಗುರುಲಿಂಗಮ್ಮ ಅಂಗಡಿಗೆ ಹೋದಳು. ಕಲಬುರಗಿ ಕಡೆಯಿಂದ ಶರಣಕುಮಾರ ಎಂಬ ಏಜೆಂಟನು ಬಂದಿದ್ದ, ಇಸ್ತ್ರಿ ಮಾಡಿದ ಅಂಗಿಯ ಹುಡುಗ. ಹಬ್ಬಕ್ಕೆಂದು ಅದೇ ಸುಗಂಧ ವಿಭೂತಿಯ ಎರಡು ಪೆಟ್ಟಿಗೆ ಇಳಿಸಿದ್ದ. ಮಹೇಶಕುಮಾರ ತಾಯಿಯನ್ನು ನೋಡಿ ಪೆನ್ನು ಕೆಳಗಿಟ್ಟ.

ಆಕೆ ಒಂದು ಡಬ್ಬಿ ಎತ್ತಿಕೊಂಡು, ವಾಸನೆಗೆ ಏನು ಹಾಕಿದ್ದೀರಿ ಎಂದು ಕೇಳಿದಳು. ಸುಗಂಧದ್ರವ್ಯ ಅಮ್ಮ ಎಂದ ಹುಡುಗ. ಅದು ಓದಲು ಬರುತ್ತದೆ, ಆ ದ್ರವ್ಯದಲ್ಲಿ ಏನೇನಿದೆ ಹೇಳು ಎಂದಳು. ಅದು ಕಂಪನಿಯ ಗುಟ್ಟು, ತನಗೂ ಗೊತ್ತಿಲ್ಲ ಎಂದು ಅವನು ನಕ್ಕ. ಆಕೆ ನಗಲಿಲ್ಲ. ಹುಡುಗನಿಗೆ ತಕಲೀಫಾಯಿತು, ಸಮಾಧಾನ ಮಾಡಲು ಹೋದ.

"ವಾಸನಿ ಛಲೋ ಅದ ಇಲ್ಲ ಅಮ್ಮ? ಒಳಗೇನದ ಅಂತ ನಿಮಗ್ಯಾಕ ಬೇಕು?"

ಗುರುಲಿಂಗಮ್ಮ ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟಳು. ಆ ಮಾತು ಆಕೆಯದೇ. ಎತ್ತಿದ ಸ್ವರ ಸಮೇತ ಆಕೆಯದೇ.

"ಯಾಕ ಬೇಕಂದ್ರ, ಅದು ಬೀಳೋದು ನನ್ನ ಮೈಮ್ಯಾಲ" ಎಂದಳು ಕೊನೆಗೆ. ಎಡ ಅಂಗೈ ಬಿಚ್ಚಿ ಅವನ ಮುಂದೆ ಹಿಡಿದಳು. "ನಿಮ್ಮ ಗುಟ್ಟು ಇಲ್ಲಿ ಬರದಿತ್ತು ನೋಡಪ್ಪ, ಎರಡು ತಿಂಗಳು. ತಿಳಿದವರಿಗಿ ಹೋಗಿ ಹೇಳು, ಸೇಡಂದಾಗ ಒಬ್ಬಾಕಿ ಮುದುಕಿ ಕೇಳಾಕತ್ತಾಳ ಅಂತ."

ಹುಡುಗ ಮಹೇಶಕುಮಾರನ ಕಡೆ ನೋಡಿದ. ಮಹೇಶಕುಮಾರ ಎರಡೂ ಪೆಟ್ಟಿಗೆಗಳನ್ನು ಮುಂದಕ್ಕೆ ದೂಡಿ, ಈ ಸಲ ಬೇಡ, ತೆಗೆದುಕೊಂಡು ಹೋಗು ಎಂದ. ಸಾಬೂನಿನ ಆರ್ಡರು ಮಾತ್ರ ಬರೆಸಿದ. ಮಗ ಅಷ್ಟು ಮಾಡಿದ್ದೇ ಬಹಳವೆಂದು ಗುರುಲಿಂಗಮ್ಮ ಅದಕ್ಕೆ ಚಕಾರ ಎತ್ತಲಿಲ್ಲ. ಗೆದ್ದು ಬಂದವಳ ಮುಖ ಇರಬೇಕಿತ್ತು, ಇರಲಿಲ್ಲ. ಮನೆ ಮುಟ್ಟುವ ತನಕ ಆ ಹುಡುಗನ ಬಾಯಲ್ಲಿ ಕೇಳಿದ ತನ್ನದೇ ಮಾತು ಕಿವಿಯಲ್ಲಿ ಕೆರೆಯುತ್ತಿತ್ತು, ಅದಕ್ಕೆ ಮುಲಾಮು ಇರಲಿಲ್ಲ.

ಮರುದಿನ ಭಾನುವಾರ, ಖಾರ ಹುರಿಯುವ ದಿನ. ಮೆಣಸಿನಕಾಯಿ ಮಾಳಿಗೆಯಿಂದ ಇಳಿಯಿತು. ಕೈ ವಾಸಿಯಾಗಿತ್ತು, ಬಾಗಿಲು ಇತ್ತು, ಅಗಳಿಯೂ ಇತ್ತು. ಉಮಾದೇವಿ ವಾಡಿಕೆಯಂತೆ ದೊಡ್ಡ ಕಡಾಯಿ ತೊಳೆದಿಟ್ಟು, ಎಣ್ಣೆಯ ತಂಬಿಗೆ ಇಟ್ಟು, ತನ್ನ ಕೆಲಸ ಮುಗಿಯಿತೆಂದು ಹೊರಗೆ ಹೊರಟಳು.

"ಎಲ್ಲಿ ಹೊಂಟಿ? ಕುಂದ್ರು" ಎಂದಳು ಅತ್ತೆ. "ಗಂಗಾ, ನೀ ಪೆನ್ ತಗೊಂಡು ಬಾ."

ಉಮಾದೇವಿ ಬಾಗಿಲಲ್ಲಿ ನಿಂತಳು, ಕೂಡಲಿಲ್ಲ. ಅವಳಿಗೆ ನಂಬಿಕೆಯಿರಲಿಲ್ಲ.

ಗುರುಲಿಂಗಮ್ಮ ಕಡಾಯಿಯ ಮುಂದೆ ಕೂತು ಒಂದೊಂದು ಪೊಟ್ಟಣ ಬಿಚ್ಚುತ್ತ ಹೆಸರು ಹೇಳಿದಳು. ಕೊತ್ತಂಬರಿ, ಜೀರಿಗೆ, ಮೆಂತ್ಯ, ಸಾಸಿವೆ, ಎಳ್ಳು, ಗಸಗಸೆ. ಲವಂಗ, ದಾಲ್ಚಿನ್ನಿ, ಮೆಣಸು, ಕಲ್ಲುಹೂವು, ಜಾಪತ್ರೆ. ಪ್ರತಿಯೊಂದಕ್ಕೂ ಎಷ್ಟು ಮುಷ್ಟಿ, ಎಷ್ಟು ಚಿಟಿಕೆ, ಎಷ್ಟು ಕೆಂಪಗೆ ಎಂದು ಹೇಳಿ ಹುರಿದಳು. ಶಿವಗಂಗಾ ಬರೆದುಕೊಂಡಳು. ಹದಿನೈದು ಆಯಿತು, ಹದಿನೆಂಟು ಆಯಿತು. ಉಮಾದೇವಿ ಯಾವಾಗಲೋ ಬಂದು ಅತ್ತೆಯ ಪಕ್ಕದಲ್ಲಿ ಕೂತು ಕೈಗೆ ಸೌಟು ತೆಗೆದುಕೊಂಡಿದ್ದಳು. ಬಾಗಿಲು ತೆರೆದೇ ಇತ್ತು, ಘಾಟಿಗೆ ಬೀದಿಯಲ್ಲಿ ಹೋಗುವವರೂ ಸೀನಿದರು. ಇಪ್ಪತ್ತೊಂದಾಯಿತು. ಒಂದು ಪೊಟ್ಟಣ ಮಾತ್ರ ಉಳಿಯಿತು, ಹಳೆಯ ರವಿಕೆ ಬಟ್ಟೆಯಲ್ಲಿ ಕಟ್ಟಿದ್ದು.

ಗುರುಲಿಂಗಮ್ಮ ಅದನ್ನು ಮಡಿಲಲ್ಲಿ ಇಟ್ಟುಕೊಂಡಳು. ಆಕೆಯ ಅತ್ತೆ ಸಾಯುವುದಕ್ಕೆ ಎರಡು ದಿನ ಮುಂಚೆ ಅದನ್ನು ಆಕೆಗೆ ಹೇಳಿದ್ದು, ಅದೂ ಕಿವಿಯಲ್ಲಿ. ಆಮೇಲೆ ಗಂಟು ಬಿಚ್ಚಿ ಸೊಸೆಯ ಅಂಗೈಗೆ ಸುರಿದಳು.

"ಇಪ್ಪತ್ತೆರಡು. ಇದು..."

"ಪುಂಡಿ ಬೀಜ" ಎಂದಳು ಉಮಾದೇವಿ.

ಶಿವಗಂಗಾಳ ಪೆನ್ನು ನಿಂತಿತು. ಗುರುಲಿಂಗಮ್ಮ ಸೊಸೆಯ ಮುಖ ನೋಡಿದಳು.

"ನಿನಗೆಂಗ ಗೊತ್ತು?"

"ಬಾಗಲಾ ಹಾಕಿದ್ರ ವಾಸನಿ ನಿಲ್ತದೇನ್ರಿ ಅತ್ತಿ? ಬಂದ ಎರಡನೇ ವರ್ಷಕ್ಕೇ ತಿಳೀತು."

"ಇಪ್ಪತ್ತು ವರ್ಷ ಸುಮ್ಮನಿದ್ದಿ?"

"ನೀವು ಹೇಳಿರಲಿಲ್ಲಲ್ರಿ."

ಉಮಾದೇವಿ ಬೀಜಗಳನ್ನು ಕಡಾಯಿಗೆ ಹಾಕಿ ಸೌಟು ಆಡಿಸತೊಡಗಿದಳು. ಬೀಜ ಚಟಪಟ ಸಿಡಿದವು. ಗುರುಲಿಂಗಮ್ಮ ಕಣ್ಣೊರೆಸಿಕೊಂಡಳು. ಅದು ಘಾಟಿಗೆ ಎಂದು ಯಾರಾದರೂ ತಿಳಿದುಕೊಂಡರೆ ತಿಳಿದುಕೊಳ್ಳಲಿ ಎಂದು ಮುಚ್ಚಿಕೊಳ್ಳಲಿಲ್ಲ.

ಸಂಜೆ ಗಿರಣಿಯಿಂದ ಖಾರ ಬಂತು. ಡಬ್ಬಿಗೆ ತುಂಬಿ ಮುಚ್ಚಳ ಹಾಕಿದ ಮೇಲೆ ಶಿವಗಂಗಾ ಬರೆದ ಹಾಳೆಯನ್ನು ಆಕೆ ಡಬ್ಬಿಯ ಹೊರಗೆ, ಬೀಗರಿಗೂ ಕಾಣುವ ಹಾಗೆ, ಅಂಟಿಸಲು ಹೇಳಿದಳು. ಅಂಟಿಸುವ ಮುಂಚೆ ಒಮ್ಮೆ ಓದಿಸಿದಳು. ಕೊನೆಯ ಸಾಲು ಸಣ್ಣದಾಗಿತ್ತು, ಹಾಳೆಯಲ್ಲಿ ಜಾಗ ಸಾಲದೆ ಮೂಲೆಗೆ ಸರಿದಿತ್ತು.

"ಅದನ್ನ ಹೊಡದು ಮತ್ತ ಬರಿ" ಎಂದಳು ಗುರುಲಿಂಗಮ್ಮ. "ಪುಂಡಿ ಬೀಜ. ದೊಡ್ಡ ಅಕ್ಷರದಾಗ ಬರಿ."